ಲಾರಿ ಹೊರಡುವ ಮುಂಚೆ ಬಿಲ್ಟಿ ಓದಿ

ಈರುಳ್ಳಿ ಕಿತ್ತು, ಸೊಪ್ಪು ಕೊಯ್ದು, ಆರಿಸಿ, ದಪ್ಪ ಸಣ್ಣ ಬೇರೆ ಮಾಡಿ, ಚೀಲ ತುಂಬಿ ಹೊಲಿಯುವ ತನಕ ಎಲ್ಲ ನಮ್ಮ ಕೈಯಲ್ಲೇ ಇರುತ್ತದೆ. ಚೀಲ ಲಾರಿ ಹತ್ತಿದ ಮೇಲೆ ಅದು ಯಾರ ಕೈಯಲ್ಲಿ? ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಮೂರು ಚೀಲ ಈರುಳ್ಳಿ, ಎರಡು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ.

ಅದು 2009ರ ಸೆಪ್ಟೆಂಬರ್. ನಮ್ಮದು ಚಳ್ಳಕೆರೆ ತಾಲ್ಲೂಕಿನ ಮಳೆ ನಂಬಿದ ಮಸಾರಿ ಹೊಲ. ನಾಲ್ಕು ಜನ ಸೇರಿ ಒಂದು ಆರು ಚಕ್ರದ ಲಾರಿ ಹಿಡಿದೆವು. ಒಟ್ಟು 190 ಚೀಲ, ಅದರಲ್ಲಿ ನನ್ನವು 64. ಯಶವಂತಪುರದ ಮಂಡಿಗೆ ಚೀಲಕ್ಕೆ 45 ರೂಪಾಯಿ ಬಾಡಿಗೆ ಅಂತ ಬ್ರೋಕರ್ ಹತ್ತಿರ ಬಾಯಿಮಾತಾಯ್ತು. 'ಡೀಸೆಲ್‌ಗೆ ಏನಾದ್ರೂ ಕೊಡಿ ಯಜಮಾನ್ರೇ, ಮಿಕ್ಕಿದ್ದು ಮಂಡೀಲಿ ಇಸ್ಕೋತಾನೆ' ಅಂದರು. ಆ ವಾರ ಎರಡು ಕುರಿ ಮಾರಿದ್ದ ದುಡ್ಡು ನನ್ನ ಹತ್ತಿರವೇ ಇದ್ದದ್ದರಿಂದ 2,000 ರೂಪಾಯಿ ನಾನೇ ಎಣಿಸಿ ಕೊಟ್ಟೆ. ನಾಲ್ಕು ಜನ ಆಮೇಲೆ ಹಂಚಿಕೊಳ್ಳೋಣ ಅಂತ ಮಾತು. ಸಂಜೆ ಲೋಡಾಯ್ತು. ಬ್ರೋಕರ್ ಒಂದು ಹಾಳೆ ಹರಿದು ಡ್ರೈವರ್ ಕೈಗೆ ಕೊಟ್ಟ. ಅದರಲ್ಲಿ ಏನು ಬರೆದಿದೆ ಅಂತ ನಾವು ನಾಲ್ಕು ಜನರಲ್ಲಿ ಒಬ್ಬರೂ ನೋಡಲಿಲ್ಲ.

ಹಿರಿಯೂರು, ಶಿರಾ, ತುಮಕೂರು ದಾಟಿ ಬೆಳಗಿನ ಜಾವಕ್ಕೆ ಲಾರಿ ಯಶವಂತಪುರ ಸೇರಿತು. ನಾಲ್ಕು ದಿನ ಬಿಟ್ಟು ಪಟ್ಟಿ ಕೈಗೆ ಬಂತು. ನನ್ನ ಹೆಸರಿನಲ್ಲಿ ಮಾರಾಟವಾದದ್ದು 61 ಚೀಲ. ಬಾಡಿಗೆ ಹಿಡಿದದ್ದು ಮಾತ್ರ 64 ಚೀಲಕ್ಕೆ, 2,880 ರೂಪಾಯಿ! ಉಳಿದ ಮೂವರ ಪಟ್ಟಿಯಲ್ಲೂ ಪೂರಾ ಬಾಡಿಗೆ ಹಿಡಿದಿತ್ತು. ಹಾಗಾದರೆ ನಾನು ಕೊಟ್ಟ 2,000 ಎಲ್ಲಿ ಹೋಯ್ತು? ಮಂಡಿಗೆ ಹೋಗಿ ಕೇಳಿದರೆ ಗುಮಾಸ್ತ ಆ ಹಾಳೆ ತೆಗೆದು ತೋರಿಸಿದ. ಅದರಲ್ಲಿ ಇದ್ದದ್ದು ಇಷ್ಟೆ: ಲಾರಿ ನಂಬರು, 190 ಚೀಲ, 'ಟು ಪೇ 8,550'. ಕಳಿಸಿದವರ ಹೆಸರು ನಮ್ಮಲ್ಲಿ ಒಬ್ಬರದು ಮಾತ್ರ. ಡ್ರೈವರನ್ನು ಹುಡುಕಿ ಕೇಳಿದರೆ 'ಆ ಎರಡು ಸಾವಿರ ಬ್ರೋಕರ್ ಕಮಿಷನ್ನು, ನನಗೆ ಕೊಟ್ಟಿಲ್ಲ' ಅಂದ. ಬ್ರೋಕರ್ 'ಡ್ರೈವರ್‌ಗೇ ಕೊಟ್ಟೆ' ಅಂದ. ಮೂರು ಚೀಲ ಕೊಳೆತು ಒಡೆದಿರಬಹುದು ಅಂತ ಮಂಡಿಯವರು. ಯಾರು ಸುಳ್ಳು ಹೇಳಿದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾದದ್ದು ಒಂದೇ, ನನ್ನ ಮಾತಿಗೆ ಕಾಗದದಲ್ಲಿ ಜಾಗವೇ ಇರಲಿಲ್ಲ.

'ಓನರ್' ಅಂದರೆ ಯಾರು?

ಚಳ್ಳಕೆರೆಯಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಇದ್ದರು. ಮಳೆಗಾಲದ ಒಂದು ದಿನ ಕೆಲಸ ಇಲ್ಲದೆ ಕೂತಿದ್ದಾಗ ಅವರ ಮುಂದೆ ಕೂತು ಖಾಲಿ ಬಿಲ್ಟಿ ಪುಸ್ತಕ ಬಿಡಿಸಿ ಒಂದೊಂದೇ ಕಾಲಂ ಕೇಳಿದೆ. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಬಲ್ಲೆ, ಅರ್ಥ ಆಗೋದಿಲ್ಲ. ಬಿಲ್ಟಿ ಪೂರಾ ಇಂಗ್ಲಿಷ್. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಅವತ್ತು ತಿಳಿದದ್ದು, ಆಮೇಲೆ ಪೆಟ್ಟು ತಿಂದು ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬಿಲ್ಟಿ, ಎಲ್.ಆರ್., ಲಾರಿ ರಸೀದಿ, ಮೂರೂ ಒಂದೇ. ನಿಮ್ಮ ಮಾಲನ್ನು ಇಂಥ ಲಾರಿಗೆ, ಇಷ್ಟು ಲೆಕ್ಕಕ್ಕೆ ಒಪ್ಪಿಸಿಕೊಂಡಿದ್ದೇವೆ ಎಂದು ಸಾಗಿಸುವವರು ಕೊಡುವ ರಸೀದಿ ಅದು. ಸಾಮಾನ್ಯವಾಗಿ ಮೂರೋ ನಾಲ್ಕೋ ಪ್ರತಿ ಬರುತ್ತವೆ. ಒಂದು ಕಳಿಸುವವರಿಗೆ, ಒಂದು ಮಾಲು ಪಡೆಯುವವರಿಗೆ, ಒಂದು ಡ್ರೈವರಿಗೆ, ಒಂದು ಆಫೀಸಿಗೆ. ಕಳಿಸುವವರ ಪ್ರತಿ ನಮ್ಮದು. ನಾವು ಅದನ್ನು ಕೇಳಿ ಪಡೆಯುವುದೇ ಇಲ್ಲ, ಪುಸ್ತಕದಲ್ಲೇ ಉಳಿದು ಗೆದ್ದಲು ತಿನ್ನುತ್ತದೆ.

'ಕನ್ಸೈನರ್' ಅಂತ ಇದ್ದ ಕಡೆ ಕಳಿಸುವವರ ಹೆಸರು, 'ಕನ್ಸೈನಿ' ಅಂತ ಇದ್ದ ಕಡೆ ಪಡೆಯುವ ಮಂಡಿಯ ಹೆಸರು. ನಾಲ್ಕು ಜನರ ಮಾಲು ಒಂದೇ ಲಾರಿಯಲ್ಲಿದ್ದರೆ ನಾಲ್ಕು ಬಿಲ್ಟಿ ಮಾಡಿಸುವುದು ಒಳ್ಳೆಯದು. ಅದು ಆಗದಿದ್ದರೆ ಒಂದೇ ಬಿಲ್ಟಿಯಲ್ಲಿ ನಾಲ್ಕೂ ಹೆಸರು, ಹೆಸರಿನ ಮುಂದೆ ಚೀಲದ ಲೆಕ್ಕ, ಚೀಲದ ಮೇಲಿನ ಗುರುತು ಬರೆಸಬೇಕು. ನನ್ನ ಚೀಲಕ್ಕೆ ಈಗ ಕೆಂಪು ದಾರದ ಹೊಲಿಗೆ, ಪಕ್ಕದ ಹೊಲದವರದು ಹಸಿರು. ದಾರ ಎಷ್ಟೂ ಖರ್ಚಲ್ಲ. ಆದರೆ ಮಂಡಿಯ ಅಂಕಣದಲ್ಲಿ ಚೀಲ ಇಳಿಸಿ ಅಟ್ಟಿ ಹಾಕುವಾಗ ಹಮಾಲರಿಗೆ ದೂರದಿಂದಲೇ ಗೊತ್ತಾಗುತ್ತದೆ.

'ಪೇಯ್ಡ್' ಅಂದರೆ ಬಾಡಿಗೆ ಇಲ್ಲೇ ಸಂದಾಯವಾಗಿದೆ. 'ಟು ಪೇ' ಅಂದರೆ ಮುಟ್ಟಿದ ಊರಲ್ಲಿ ಕೊಡಬೇಕು. ನಮ್ಮ ಈರುಳ್ಳಿ ಲೋಡು ಹೆಚ್ಚಾಗಿ ಟು ಪೇ. ಮಂಡಿಯವರು ಡ್ರೈವರಿಗೆ ಬಾಡಿಗೆ ಕೊಟ್ಟು ನಮ್ಮ ಪಟ್ಟಿಯಲ್ಲಿ ಹಿಡಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಕೈಯಲ್ಲಿ ಕಾಸಿಲ್ಲದ ನಮ್ಮಂಥವರಿಗೆ ಅನುಕೂಲವೇ. ಆದರೆ ಇಲ್ಲಿ ಮುಂಗಡ ಕೊಟ್ಟಿದ್ದರೆ 'ಟು ಪೇ' ಎದುರು ಪೂರಾ ಬಾಡಿಗೆ ಬರೆಯಬಾರದು. ಒಟ್ಟು 8,550, ಅಡ್ವಾನ್ಸ್ 2,000, ಬಾಕಿ 6,550 ಅಂತ ಮೂರು ಅಂಕಿ ಬರಬೇಕು. ನನ್ನ ಹಾಳೆಯಲ್ಲಿ ಮೊದಲನೆಯ ಅಂಕಿ ಮಾತ್ರ ಇತ್ತು. ಮಂಡಿಯವರು ಇದ್ದದ್ದನ್ನು ನೋಡಿ ಕೊಟ್ಟರು, ಅವರನ್ನು ಹೇಗೆ ಬಯ್ಯೋದು?

ಅಡ್ವಾನ್ಸ್ ಬೇರೆ, ಬ್ರೋಕರ್ ಕಮಿಷನ್ ಬೇರೆ. ಲಾರಿ ಹಿಡಿದುಕೊಟ್ಟವನಿಗೆ ಕಮಿಷನ್ ಸಲ್ಲಬೇಕು. ಅದು ಲಾರಿಯವನ ಬಾಡಿಗೆಯಲ್ಲಿ ಹೋಗುತ್ತದೋ ನಮ್ಮ ಜೇಬಿನಿಂದ ಬೇರೆ ಹೋಗುತ್ತದೋ ಅನ್ನುವುದನ್ನು ದರ ಮಾತಾಡುವಾಗಲೇ, ಡ್ರೈವರ್ ಎದುರಿಗೇ ಕೇಳಬೇಕು. ಹಮಾಲಿ, ಟೋಲು, ದಾರಿ ಖರ್ಚು ಬಾಡಿಗೆಯ ಒಳಗೋ ಹೊರಗೋ ಅನ್ನುವುದೂ ಅಷ್ಟೆ. 'ಹಾಲ್ಟಿಂಗ್' ಅಂತ ಇನ್ನೊಂದಿದೆ. ಮಂಡಿಯಲ್ಲಿ ಇಳಿಸುವುದು ತಡವಾಗಿ ಲಾರಿ ನಿಂತರೆ ದಿನಕ್ಕಿಷ್ಟು ಅಂತ ಕೇಳುತ್ತಾರೆ. ಬೆಲೆ ಬಿದ್ದು ಅವಕ ಹೆಚ್ಚಿದ ದಿನ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಬೆಲೆಯೂ ಇಲ್ಲ, ಹಾಲ್ಟಿಂಗೂ ನಮ್ಮ ಮೇಲೆ! ಎಷ್ಟು ಹೊತ್ತು ಬಿಟ್ಟಿ, ಆಮೇಲೆ ಎಷ್ಟು ಅಂತ ಮೊದಲೇ ಮಾತಾಗಲಿ.

ಇನ್ನು ಬಿಲ್ಟಿಯ ಮೂಲೆಯಲ್ಲಿ ಸಣ್ಣಗೆ ಅಚ್ಚಾಗಿರುವ ಮಾತು, 'ಓನರ್ಸ್ ರಿಸ್ಕ್'. ಓನರ್ ಅಂದರೆ ಲಾರಿ ಓನರ್, ಹಾಗಾಗಿ ಜವಾಬ್ದಾರಿ ಅವನದು ಅಂತ ನಾನು ಬಹಳ ವರ್ಷ ಧೈರ್ಯವಾಗಿದ್ದೆ. ಗುಮಾಸ್ತರು ನಕ್ಕು, 'ಓನರ್ ಅಂದ್ರೆ ನೀವು ಕಣ್ರೀ, ಮಾಲಿನ ಒಡೆಯ' ಅಂದರು. ಮಾಲಿಗೆ ಏನಾದರೂ ಆದರೆ ನಿಮ್ಮದೇ ಪಾಡು ಅಂತ ಅದರ ಅರ್ಥ. ಸಾಗಿಸುವವರ ಹೊಣೆ ಅನ್ನುವುದಕ್ಕೆ 'ಕ್ಯಾರಿಯರ್ಸ್ ರಿಸ್ಕ್' ಅಂತ ಬರೆಯುತ್ತಾರೆ.

ಆದರೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅವರ ಹೊಣೆ ಪೂರಾ ಹೋಗುವುದಿಲ್ಲ. 1865ರ ಹಳೇ ಕಾಯ್ದೆ ತೆಗೆದು 2007ರಲ್ಲಿ ರಸ್ತೆ ಸಾಗಣೆಗೆ ಹೊಸ ಕಾಯ್ದೆ ಮಾಡಿದ್ದಾರೆ, 2011ರಿಂದ ಅದು ಜಾರಿಯಲ್ಲಿದೆ. ಎಲ್ಲರ ಮಾಲನ್ನೂ ಬುಕ್ ಮಾಡಿಕೊಂಡು ಸಾಗಿಸುವ ಟ್ರಾನ್ಸ್‌ಪೋರ್ಟಿನವರು, ಬುಕಿಂಗ್ ಏಜೆಂಟರು, ಬ್ರೋಕರ್ ಕೂಡ ಅದರಲ್ಲಿ ಬರುತ್ತಾರೆ. ಮಾಲು ಕಳೆದರೆ, ಕೆಟ್ಟರೆ ಬಾಡಿಗೆಯ ಹತ್ತು ಪಟ್ಟಿನ ತನಕ ಅವರ ಹೊಣೆ. ಆದರೆ ನೀವು ಬರೆಸಿದ ಮಾಲಿನ ಬೆಲೆಗಿಂತ ಹೆಚ್ಚು ಸಿಗದು. ಅದಕ್ಕೂ ಮೀರಿದ ಹೊಣೆ ಬೇಕಿದ್ದರೆ ಬೆಲೆ ಹೆಚ್ಚು ಬರೆಸಿ, ಹೆಚ್ಚಿನ ದರಕ್ಕೆ ಒಪ್ಪಬೇಕು. ನನ್ನ 64 ಚೀಲಕ್ಕೆ ಬಾಡಿಗೆ 2,880. ಹತ್ತು ಪಟ್ಟು ಅಂದರೆ 28,800. ಮೂರು ಚೀಲದ ಬೆಲೆಗೆ ಅದು ಧಾರಾಳ ಸಾಲುತ್ತಿತ್ತು. ಆದರೆ ಹೆಸರೇ ಇಲ್ಲದ ಹಾಳೆ ಹಿಡಿದು ಯಾರ ಹತ್ತಿರ ಹೋಗೋದು?

ಇನ್ನೊಂದು ಗಡುವು ನೆನಪಿರಲಿ. ನಷ್ಟವಾಗಿದೆ ಅಂತ ಬುಕ್ ಮಾಡಿದ ದಿನದಿಂದ 180 ದಿನದ ಒಳಗೆ ಬರಹದಲ್ಲಿ ನೋಟೀಸು ಕೊಟ್ಟಿರಬೇಕು. ಕೊಡದಿದ್ದರೆ ಆಮೇಲೆ ಕೋರ್ಟಿಗೆ ಹೋಗಲು ಬರುವುದಿಲ್ಲ. ನಾನು ಆರು ತಿಂಗಳು ಬ್ರೋಕರ್ ಮನೆಗೂ ಮಂಡಿಗೂ ಬರೀ ಕಾಲು ಸವೆಸಿದೆ. ಒಂದು ರಿಜಿಸ್ಟರ್ ಕಾಗದ ಹಾಕಿದ್ದರೆ ಅದಕ್ಕಿಂತ ಕಮ್ಮಿ ಖರ್ಚಾಗುತ್ತಿತ್ತು.

ತೂಕ

ಚೀಲದ ಲೆಕ್ಕಕ್ಕೆ ಬಾಡಿಗೆ ಮಾತಾಡಿದರೆ ತೂಕದ ಗೊಡವೆ ಇಲ್ಲ ಅನ್ನಿಸುತ್ತದೆ. ಹಾಗಲ್ಲ. ನಾಲ್ಕು ಜನ ಸೇರಿದಾಗ ಒಬ್ಬರು 50 ಕಿಲೋ ತುಂಬಿರುತ್ತಾರೆ, ಇನ್ನೊಬ್ಬರು ಒತ್ತಿ ಒತ್ತಿ 60 ತುಂಬಿರುತ್ತಾರೆ. ಬಾಡಿಗೆ ಇಬ್ಬರಿಗೂ ಒಂದೇ. ಈ ಜಗಳ ನಮ್ಮ ನಮ್ಮೊಳಗಿನದು, ಲಾರಿಯವನದಲ್ಲ.

ಟನ್ನಿನ ಲೆಕ್ಕಕ್ಕೆ ಮಾತಾಡಿದರೆ ವೇ ಬ್ರಿಡ್ಜಿನ ಚೀಟಿ ಓದಲು ಬರಬೇಕು. ಅದರಲ್ಲಿ ಮೂರು ಸಾಲು. ಗ್ರಾಸ್ ಅಂದರೆ ಲಾರಿ ಮಾಲು ಸೇರಿ, ಟೇರ್ ಅಂದರೆ ಬರೀ ಲಾರಿ, ನೆಟ್ ಅಂದರೆ ಬರೀ ಮಾಲು. ಗ್ರಾಸ್ 16,140, ಟೇರ್ 6,240 ಇದ್ದರೆ ನೆಟ್ 9,900 ಕಿಲೋ. ಚೀಲ 180 ಇದ್ದರೆ ಸರಾಸರಿ 55 ಕಿಲೋ ಬಿತ್ತು. ಖಾಲಿ ಲಾರಿಯನ್ನು ಲೋಡಿಗೆ ಮುಂಚೆ ತೂಗಿಸಬೇಕು, ಅದೇ ವೇ ಬ್ರಿಡ್ಜಿನಲ್ಲಿ. 'ನನ್ನ ಗಾಡಿ ಟೇರ್ ನನಗೆ ಗೊತ್ತು, ಬರ್ಕೊಳ್ಳಿ' ಅಂದರೆ ಒಪ್ಪಬೇಡಿ. ಎರಡು ಸಲ ತೂಗುವ ನಡುವೆ ಡೀಸೆಲ್ ತುಂಬಿಸಿದರೆ, ಖಾಲಿ ಇದ್ದಾಗ ಕೆಳಗಿಳಿದಿದ್ದ ಕ್ಲೀನರು ಆಮೇಲೆ ಒಳಗೆ ಕೂತಿದ್ದರೆ, ಅದೆಲ್ಲ ನಿಮ್ಮ ಈರುಳ್ಳಿಯ ಹೆಸರಿನಲ್ಲಿ ಬಾಡಿಗೆ ತಿನ್ನುತ್ತದೆ. ಇದೇನು ದೊಡ್ಡ ಮೋಸ ಅಂತ ಹೇಳುತ್ತಿಲ್ಲ, ಎಷ್ಟೋ ಸಲ ಅವರಿಗೂ ಗಮನ ಇರುವುದಿಲ್ಲ.

ಒಂದು ಮಾತು ಲಾರಿಯವರ ಪರವಾಗಿಯೂ ಹೇಳಬೇಕು. ಸರಿಯಾಗಿ ಆರದ ಈರುಳ್ಳಿ ತುಂಬಿದರೆ ದಾರಿಯಲ್ಲೇ ತೂಕ ಇಳಿಯುತ್ತದೆ. ಮಂಡಿಯಲ್ಲಿ ಕಮ್ಮಿ ಬಂದ ಕಿಲೋ ಎಲ್ಲ ಡ್ರೈವರ್ ಕದ್ದದ್ದಲ್ಲ. ಅದಕ್ಕೇ ಸಾಗಣೆಯ ಜಗಳಕ್ಕೆ ಚೀಲದ ಲೆಕ್ಕವೇ ಗಟ್ಟಿ.

'ಇನ್ನೂ ಇಪ್ಪತ್ತು ಚೀಲ ಹಾಕ್ರಿ, ಏನಾಗಲ್ಲ' ಅನ್ನುವ ಡ್ರೈವರೂ ಇದ್ದಾರೆ, ಹಾಗೆ ಡ್ರೈವರನ್ನು ಕಾಡುವ ನಮ್ಮವರೂ ಇದ್ದಾರೆ. ಲಾರಿಯ ಆರ್.ಸಿ.ಯಲ್ಲಿ ಖಾಲಿ ತೂಕ, ಲೋಡು ಸೇರಿದ ಒಟ್ಟು ತೂಕ ಎರಡೂ ಬರೆದಿರುತ್ತದೆ. ಎರಡನೆಯದರಲ್ಲಿ ಮೊದಲನೆಯದು ಕಳೆದರೆ ಎಷ್ಟು ಹೇರಬಹುದು ಅನ್ನುವುದು ಸಿಗುತ್ತದೆ. ಎರಡು ಆಕ್ಸಲಿನ, ಅಂದರೆ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಆದರೂ ನೀವು ನೋಡಬೇಕಾದದ್ದು ಆ ಲಾರಿಯ ಆರ್.ಸಿ.ಯಲ್ಲಿರುವ ಅಂಕಿಯನ್ನೇ. ಮೀರಿ ಹೇರಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ 2,000. ಎರಡು ಟನ್ ಹೆಚ್ಚಾದರೆ 24,000. ಹೆಚ್ಚಿನ ಮಾಲು ದಾರಿಯಲ್ಲೇ ಇಳಿಸುವ ಖರ್ಚು ಬೇರೆ. ಆ ಇಪ್ಪತ್ತು ಚೀಲದ ಬೆಲೆ ಇದಕ್ಕೆ ಸಾಲುತ್ತದೆಯೇ? ದಂಡ ಬಿದ್ದಾಗ ಡ್ರೈವರ್ ನಮ್ಮ ಕಡೆಗೇ ಕೈ ತೋರಿಸುತ್ತಾನೆ.

ಆರ್.ಸಿ. ಜೊತೆಗೆ ವಿಮೆ, ಎಫ್.ಸಿ., ಪರ್ಮಿಟ್, ಡ್ರೈವಿಂಗ್ ಲೈಸೆನ್ಸ್ ಇಷ್ಟನ್ನು ಒಂದು ಕಣ್ಣು ನೋಡಿ. ಲಾರಿಗೆ ಎಂಟು ವರ್ಷ ತುಂಬುವ ತನಕ ಎಫ್.ಸಿ. ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಮಾಡಿಸಬೇಕು. ನಾನು ಹೋಗಿ 'ಕಾಗದ ತೋರಿಸು' ಅಂತ ಕೇಳಲು ಮೊದಲು ನಾಚಿಕೊಳ್ಳುತ್ತಿದ್ದೆ. ಈಗ ಮೊಬೈಲಿನಲ್ಲೇ ತೋರಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಈ-ವೇ ಬಿಲ್ ಬಗ್ಗೆ ಹುಡುಗರು ಕೇಳುತ್ತಾರೆ. 2018ರಿಂದ ಐವತ್ತು ಸಾವಿರ ಮೀರಿದ ಮಾಲಿಗೆ ಅದು ಬಂದಿದೆ, ನಿಜ. ಈರುಳ್ಳಿ, ಟೊಮೆಟೊದಂಥ ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲದ್ದರಿಂದ ಈ-ವೇ ಬಿಲ್ಲೂ ಬೇಡ. ಅದರ ಹೆಸರಿನಲ್ಲಿ ಯಾರಾದರೂ ಇನ್ನೂರು ಮುನ್ನೂರು ಕೇಳಿದರೆ ಕೊಡಬೇಡಿ.

ಚೀಲದ ಮೇಲೆ ಕೂತು ಹೋಗುವವರಿಗೆ

ಇದನ್ನು ಬರೆಯದೆ ಬಿಡಲು ಮನಸ್ಸಿಲ್ಲ. ನಮ್ಮ ಕಡೆ ಮಾಲಿನ ಜೊತೆ ರೈತರೂ ಹೋಗುವುದು ವಾಡಿಕೆ. ಕ್ಯಾಬಿನ್ನಿನಲ್ಲಿ ಜಾಗ ಸಾಲದೆ ಟಾರ್ಪಲ್ ಮೇಲೆ ಮಲಗಿಕೊಂಡು ಹೋಗುತ್ತೇವೆ. ನಾನೂ ಎಷ್ಟೋ ಸಲ ನಕ್ಷತ್ರ ನೋಡುತ್ತಾ ಹೋಗಿದ್ದೇನೆ. ಪಕ್ಕದ ಊರಿನವರೊಬ್ಬರು ಹಾಗೆ ಹೋಗುವಾಗ ಲಾರಿ ಪಲ್ಟಿಯಾಗಿ ಎರಡೂ ಕಾಲು ಮುರಿದುಕೊಂಡರು. ವಿಮೆಯವರು ಕೇಳಿದ ಮೊದಲ ಪ್ರಶ್ನೆ, 'ನೀವು ಮಾಲಿನ ಒಡೆಯ ಅನ್ನುವುದಕ್ಕೆ ಏನು ದಾಖಲೆ?' ಬಿಲ್ಟಿಯಲ್ಲಿದ್ದದ್ದು ಬೇರೊಬ್ಬರ ಹೆಸರು. ಎರಡನೆಯ ಪ್ರಶ್ನೆ, 'ಎಲ್ಲಿ ಕೂತಿದ್ದಿರಿ?' ಅದಕ್ಕೂ ಉತ್ತರ ಇರಲಿಲ್ಲ.

1994ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ, ಲಾರಿಯಲ್ಲಿ ಹೋಗುವ ಮಾಲಿನ ಒಡೆಯ ಅಥವಾ ಅವನು ಕಳಿಸಿದ ಪ್ರತಿನಿಧಿಗೂ ವಿಮೆ ಅನ್ವಯಿಸುತ್ತದೆ ಅಂತ ಸೇರಿಸಿದ್ದಾರೆ. ಸುಮ್ಮನೆ ಹತ್ತಿಕೊಂಡವರಿಗೆ ಇಲ್ಲ. ಮಾಲಿನ ಒಡೆಯನೂ ಡ್ರೈವರ್ ಜೊತೆ ಕ್ಯಾಬಿನ್ನಿನಲ್ಲಿ ಇರಬೇಕು ಅಂತ ಕೋರ್ಟುಗಳು ಹೇಳಿವೆ. ಹಾಗಾಗಿ ನಾಲ್ಕು ಜನರ ಮಾಲಿಗೆ ಒಬ್ಬರೋ ಇಬ್ಬರೋ ಹೋಗಿ, ಒಳಗೆ ಕೂತು ಹೋಗಿ. ಹೋಗುವವರ ಹೆಸರು ಬಿಲ್ಟಿಯಲ್ಲಿರಲಿ. ಬಿಲ್ಟಿಯಲ್ಲಿ ಹೆಸರು ಬರೆಸಿ ಅಂತ ನಾನು ಊರವರ ಬೆನ್ನು ಹತ್ತುವುದು ಮೂರು ಚೀಲಕ್ಕೋಸ್ಕರ ಅಂತ ಕೆಲವರು ತಿಳಿದಿದ್ದಾರೆ. ಆ ಕಾಲು ಮುರಿದವರ ಮನೆ ನೋಡಿ ಬಂದವರು ಹಾಗೆ ಅನ್ನುವುದಿಲ್ಲ.

ನನ್ನ ಕಾರ್ಬನ್ ಪುಸ್ತಕ

ಎಲ್ಲ ಬ್ರೋಕರ್ ಹತ್ತಿರವೂ ಬಿಲ್ಟಿ ಪುಸ್ತಕ ಇರುವುದಿಲ್ಲ. ಒಂಟಿ ಲಾರಿ ಇಟ್ಟುಕೊಂಡವರು, ಪಿಕಪ್ಪಿನವರು ಚೀಟಿಯನ್ನೂ ಬರೆಯುವುದಿಲ್ಲ. ಅದಕ್ಕೆ ನಾನೇ ಅಂಗಡಿಯಿಂದ ಕಾರ್ಬನ್ ಹಾಕುವ ರಸೀದಿ ಪುಸ್ತಕ ತಂದು ಇಟ್ಟಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ. ತಾರೀಕು, ಲಾರಿ ನಂಬರು, ಡ್ರೈವರ್ ಹೆಸರು ಫೋನು. ಎಲ್ಲಿಂದ ಎಲ್ಲಿಗೆ, ಯಾವ ಮಂಡಿಗೆ. ಯಾರದು ಎಷ್ಟು ಚೀಲ, ಯಾವ ದಾರ. ಬಾಡಿಗೆ ಚೀಲಕ್ಕೋ ಟನ್ನಿಗೋ, ಒಟ್ಟು, ಕೊಟ್ಟದ್ದು, ಬಾಕಿ. ಕೆಳಗೆ ಡ್ರೈವರ್ ಸಹಿ. ಮೇಲಿನ ಹಾಳೆ ಅವನ ಜೊತೆ ಮಂಡಿಗೆ ಹೋಗುತ್ತದೆ, ಕಾರ್ಬನ್ ಪ್ರತಿ ನನ್ನ ಹತ್ತಿರ. ಮಂಡಿಯಲ್ಲಿ ಇಳಿಸಿಕೊಂಡವರು ಎಷ್ಟು ಚೀಲ ಮುಟ್ಟಿತು ಅಂತ ಅದರ ಮೇಲೇ ಬರೆದು ಸಹಿ ಹಾಕಬೇಕು. ಡ್ರೈವರ್ ಅದರ ಫೋಟೋ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು.

ಮೊದಮೊದಲು 'ನನ್ನ ಮೇಲೆ ನಂಬಿಕೆ ಇಲ್ವಾ ಯಜಮಾನ್ರೇ?' ಅಂತ ಮುನಿಸಿಕೊಂಡವರು ಇದ್ದಾರೆ. ಒಬ್ಬ ಸಹಿ ಮಾಡಲ್ಲ ಅಂತ ಹಗ್ಗ ಬಿಚ್ಚಲು ಹೊರಟ. ಅರ್ಧ ಲೋಡಾಗಿತ್ತು, ಮೋಡ ಬೇರೆ ಕವಿದಿತ್ತು. ನಾನೇ ಸೋತು ಕಳಿಸಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಮೊದಲ ಚೀಲ ಲಾರಿಗೆ ಹಾಕುವ ಮುಂಚೆಯೇ ಪುಸ್ತಕ ತೋರಿಸುತ್ತೇನೆ. ಎಣಿಕೆಯ ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ಬರೆದಿರುತ್ತೇನೆ, ಲೋಡು ಮುಗಿದ ಮೇಲೆ ಎಣಿಕೆ ತುಂಬಿಸಿ ಸಹಿ. ಈಗ ಕೆಲವು ಡ್ರೈವರುಗಳೇ ಕೇಳುತ್ತಾರೆ. ಬಾಕಿ ಬಾಡಿಗೆ ಎಷ್ಟು ಅಂತ ಮಂಡಿಯಲ್ಲಿ ಅವರಿಗೂ ತಕರಾರು ಇರುತ್ತದಲ್ಲ!

2022ರಲ್ಲಿ ಒಮ್ಮೆ ನನ್ನ ಲೆಕ್ಕಕ್ಕೆ ಎರಡು ಚೀಲ ಕಮ್ಮಿ ಬಂತು. ಮಂಡಿಯಿಂದ ಫೋನು ಬಂದಾಗ ಕಾರ್ಬನ್ ಪ್ರತಿ ಕೈಯಲ್ಲಿ ಹಿಡಿದೇ ಮಾತಾಡಿದೆ. ಮತ್ತೆ ಎಣಿಸಿ ನೋಡಿ, ಕೆಂಪು ದಾರ ಅಂದೆ. ಅರ್ಧ ಗಂಟೆಗೆ ಪಕ್ಕದ ಅಟ್ಟಿಯಲ್ಲಿ ಎರಡೂ ಸಿಕ್ಕವು.

ಒಂದು ಕಾಲಂ ಮಾತ್ರ ಇನ್ನೂ ಸರಿಹೋಗಿಲ್ಲ, ಮಾಲಿನ ಬೆಲೆಯದು. 'ಈರುಳ್ಳಿ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು, ಏನಂತ ಬರೀಲಿ?' ಅಂತ ಟ್ರಾನ್ಸ್‌ಪೋರ್ಟಿನವರು ಆ ಜಾಗದಲ್ಲಿ ಗೆರೆ ಎಳೆದುಬಿಡುತ್ತಾರೆ. ಹಿಂದಿನ ದಿನದ ಮಂಡಿ ಧಾರಣೆ ಹಿಡಿದು ಬರೆಯಿರಿ ಅಂತ ಕಳೆದ ಸುಗ್ಗಿಯಲ್ಲಿ ಪಟ್ಟು ಹಿಡಿದು ಕೂತೆ. ಗುಮಾಸ್ತ ಗೊಣಗುತ್ತಲೇ ಬರೆದ. ಆಮೇಲೆ ನನ್ನ ಹಿಂದೆ ನಿಂತಿದ್ದವರು, 'ನಮ್ಮದಕ್ಕೂ ಹಂಗೇ ಬರೀರಿ' ಅಂದರು.